ತಾತನ ಕೋಟಿನ ವಾಸನೆ

ಪೋಸ್ಟ್ 1/9
ಫೋಟೋ: ನಮ್ಮನೆ ತಾರಸಿ. ಕಂದು ಬಣ್ಣದ ಒಂದು ಬಾಟಲಿ, ಪಕ್ಕದಲ್ಲಿ ಗಾಜಿನ ಲೋಟ, ಹಿಂದೆ ಒಣಗಲು ಹಾಕಿದ ಅಜ್ಜಿಯ ಸೀರೆ.

ಮೊದಲೇ ಹೇಳಿಬಿಡ್ತೀನಿ, ಕಾಮೆಂಟಲ್ಲಿ ಶುರು ಮಾಡ್ಬೇಡಿ: ನಾನು ಕುಡಿದಿಲ್ಲ. ನನಗೆ 20. ಕರ್ನಾಟಕದ 1965ರ ಅಬಕಾರಿ ಕಾಯ್ದೆಯಲ್ಲಿ 18 ಅಂತ ಇದೆ, 1967ರ ಲೈಸೆನ್ಸ್ ನಿಯಮಗಳಲ್ಲಿ 21 ಅಂತ ಇದೆ. ಪಬ್ ಬಾಗಿಲಲ್ಲಿ ನಡೆಯೋದು 21.

ನಮ್ಮ ಕ್ಲಾಸ್ ಗ್ರೂಪಲ್ಲಿ ಏನಾಯ್ತು ಅಂತ ಇದನ್ನು ಓದ್ತಿರೋ ಅರ್ಧ ಜನಕ್ಕೆ ಗೊತ್ತು. ಡಿಸೆಂಬರ್‌ನಲ್ಲಿ ಮಾತ್ರ ಸಿಗೋ ಕ್ರಿಸ್‌ಮಸ್ ಏಲ್ ಬಂದಿದೆ, ಎಲ್ಲರೂ ಹೋಗೋಣ ಅಂತ ಪ್ಲಾನ್ ಆಯ್ತು. 21 ಆಗದವರಿಗೆ ಐಡಿ ಎಡಿಟ್ ಮಾಡಿಕೊಡ್ತೀನಿ ಅಂತ ಒಬ್ಬ ಮುಂದೆ ಬಂದ. ನಾನು ಬರಲ್ಲ ಅಂದೆ. ತಕ್ಷಣ ನನಗೆ "ಬಸವನಗುಡಿ ಮಾಮಿ" ಅಂತ ಬಿರುದು ಸಿಕ್ತು. "ನಿಮ್ಮ ಕಡೆಯವರಿಗೂ ಬಿಯರ್‌ಗೂ ಏನೇ ಸಂಬಂಧ" ಅಂತ ಇನ್ನೊಬ್ಬಳು ಸೇರಿಸಿದಳು. ನಕ್ಕು ಸುಮ್ಮನಾದೆ. ನನಗೂ ಹಾಗೇ ಅನ್ನಿಸಿತ್ತು, ಸಂಬಂಧ ಏನೂ ಇಲ್ಲ ಅಂತ.

ಎರಡು ದಿನ ಬಿಟ್ಟು ದೊಡ್ಡಮ್ಮನ ಮಗ ಊರಿಗೆ ಬಂದ. 28 ವರ್ಷ, ಬೆಲ್ಜಿಯಂನಲ್ಲಿ ಕೆಲಸ. ಬ್ಯಾಗಿನಿಂದ ಚಾಕೊಲೇಟ್ ಜೊತೆ ಒಂದು ಬಾಟಲಿನೂ ತೆಗೆದ. ಅದೂ ಕ್ರಿಸ್‌ಮಸ್ ಏಲ್! ಅಡುಗೆಮನೆ ಹತ್ತಿರ ತರೋ ಹಾಗಿಲ್ಲ ಅಂತ ತಾರಸಿಗೆ ಹೋದ್ವಿ. ಅವನು ಕುಡಿದ, ನಾನು ಮೂಸಿ ನೋಡಿದೆ. ಲವಂಗ, ಕಿತ್ತಳೆ ಸಿಪ್ಪೆ, ಸ್ವಲ್ಪ ಸೀದ ಬೆಲ್ಲ. ಅದರ ಕೆಳಗೆ ಇನ್ನೊಂದು ವಾಸನೆ, ಒಲೆ ಮೇಲೆ ಮೊಳಕೆ ರಾಗಿ ಗಂಜಿ ಕುದಿಯುವಾಗ ಬರುತ್ತಲ್ಲ, ಹಾಗೆ.

ಅಷ್ಟರಲ್ಲಿ ಬಟ್ಟೆ ತೆಗೆಯೋಕೆ ಅಜ್ಜಿ ಮೇಲೆ ಬಂದರು. ಬೈತಾರೆ ಅಂತ ನಾವಿಬ್ಬರೂ ಗಪ್‌ಚಿಪ್. ಅಜ್ಜಿ ಅಲ್ಲೇ ನಿಂತು, ಮೂಗು ಅರಳಿಸಿ, ನಿಧಾನಕ್ಕೆ ಹೇಳಿದ್ರು: "ಇದು ನಿಮ್ಮ ತಾತನ ಕೋಟಿನ ವಾಸನೆ ಕಣ್ರೋ."

ಈ ಸರಣಿ ಅಲ್ಲಿಂದ ಶುರುವಾಗಿದ್ದು. ಒಂಬತ್ತು ಪೋಸ್ಟ್ ಇದೆ, ಪುರುಸೊತ್ತಾಗಿ ಓದಿ.


ಪೋಸ್ಟ್ 2/9
ಫೋಟೋ: ಲೋಟದಲ್ಲಿ ಉಳಿದ ಕೊನೆಯ ಗುಟುಕು. ಬಣ್ಣ ನಮ್ಮ ಡಿಕಾಕ್ಷನ್‌ಗಿಂತ ಸ್ವಲ್ಪ ತಿಳಿ.

ತಾತನ ವಿಷಯಕ್ಕೆ ಬರ್ತೀನಿ. ಅದಕ್ಕೆ ಮೊದಲು ಈ ಕ್ರಿಸ್‌ಮಸ್ ಏಲ್ ಅಂದ್ರೆ ಏನು ಅಂತ ನೋಡೋಣ.

ಬಿಯರ್‌ನಲ್ಲಿ ದೊಡ್ಡದಾಗಿ ಎರಡು ಕುಟುಂಬ: ಏಲ್ ಮತ್ತು ಲಾಗರ್. ಎರಡಕ್ಕೂ ಮೂಲ ಒಂದೇ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ರಸ ತೆಗೀತಾರೆ, ಹಾಪ್ಸ್ ಅನ್ನೋ ಕಹಿ ಹೂವು ಹಾಕಿ ಕುದಿಸ್ತಾರೆ, ಆರಿಸಿ ಯೀಸ್ಟ್ ಬಿಡ್ತಾರೆ. ವ್ಯತ್ಯಾಸ ಇರೋದು ಆ ಯೀಸ್ಟ್‌ನಲ್ಲಿ. ಏಲ್ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿಯಲ್ಲಿ ಕೆಲಸ ಮಾಡುತ್ತೆ. ಲಾಗರ್ ಯೀಸ್ಟ್‌ಗೆ ಚಳಿ ಬೇಕು, 7ರಿಂದ 13 ಡಿಗ್ರಿ. ಈ ನಂಬರ್ ನೆನಪಿಟ್ಟುಕೊಳ್ಳಿ, ನಾಲ್ಕನೇ ಪೋಸ್ಟಲ್ಲಿ ಬೇಕಾಗುತ್ತೆ.

ಕ್ರಿಸ್‌ಮಸ್ ಏಲ್ ಅಂದ್ರೆ ಚಳಿಗಾಲದ ಹಬ್ಬಕ್ಕೆ ಅಂತಲೇ ಮಾಡಿದ ಏಲ್. ಮಾಲ್ಟ್ ಜಾಸ್ತಿ, ಬಣ್ಣ ಗಾಢ, ಮತ್ತೂ ಜಾಸ್ತಿ. ಬಹಳ ಕಡೆ ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ, ಕಿತ್ತಳೆ ಸಿಪ್ಪೆ ಹಾಕ್ತಾರೆ.

ಇದು ಹೊಸ ಫ್ಯಾಷನ್ ಅಲ್ಲ. ನಾರ್ವೆಯ ಮಧ್ಯಕಾಲದ ಗುಲಾತಿಂಗ್ ಕಾನೂನಿನಲ್ಲಿ, ಕ್ರಿಸ್‌ಮಸ್‌ಗೆ ಪ್ರತಿ ರೈತನ ಮನೆಯಲ್ಲೂ ಏಲ್ ಮಾಡಲೇಬೇಕು ಅಂತ ಇತ್ತು, ಮಾಡದಿದ್ದರೆ ದಂಡ! ಅಂದ್ರೆ ಯುಗಾದಿಗೆ ಹೋಳಿಗೆ ಮಾಡಲಿಲ್ಲ ಅಂತ ತಹಶೀಲ್ದಾರ್ ನೋಟಿಸ್ ಕೊಟ್ಟ ಹಾಗೆ. ಇಂಗ್ಲೆಂಡಿನಲ್ಲಿ ಬಿಸಿ ಏಲ್‌ಗೆ ಸಕ್ಕರೆ, ಜಾಯಿಕಾಯಿ, ಸುಟ್ಟ ಸೇಬು ಹಾಕಿ ದೊಡ್ಡ ಬಟ್ಟಲಲ್ಲಿ ಸುತ್ತ ಕೊಡ್ತಿದ್ರು. ಈಗ ಜಗತ್ತಿಗೆಲ್ಲ ಗೊತ್ತಿರೋ ಬೆಲ್ಜಿಯಂನ ಸ್ಟೆಲ್ಲಾ ಆರ್ಟ್‌ವಾ ಏಲ್ ಅಲ್ಲ, ಲಾಗರ್; ಆದರೂ 1926ರಲ್ಲಿ ಅದು ಹುಟ್ಟಿದ್ದು ಕ್ರಿಸ್‌ಮಸ್ ಬಿಯರ್ ಆಗಿಯೇ. ಸ್ಟೆಲ್ಲಾ ಅಂದ್ರೆ ಲ್ಯಾಟಿನ್‌ನಲ್ಲಿ ನಕ್ಷತ್ರ. ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಕಂಪನಿ 1975ರಿಂದ ಪ್ರತಿ ವರ್ಷ ಬೇರೆ ಬೇರೆ ರೆಸಿಪಿಯಲ್ಲಿ ಕ್ರಿಸ್‌ಮಸ್ ಏಲ್ ತಂದಿತು. ಇವತ್ತಿನ ಬ್ರೂಪಬ್‌ಗಳ "ಈ ಸೀಸನ್ ಮಾತ್ರ" ಅನ್ನೋ ಆಸೆಯ ಹಿಂದೆ ಅಂಥವರ ದಾರಿ ಇದೆ.


ಪೋಸ್ಟ್ 3/9
ಫೋಟೋ: ಅಜ್ಜಿಯ ಮಸಾಲೆ ಡಬ್ಬಿ, ಮುಚ್ಚಳ ತೆಗೆದು.

ಈ ಡಬ್ಬಿ ನೋಡಿ. ಬಿಸಿಬೇಳೆಬಾತ್‌ಗೆ ಹಾಕೋ ಚಕ್ಕೆ, ಲವಂಗ. ಪಾಯಸಕ್ಕೆ ತುರಿಯೋ ಜಾಯಿಕಾಯಿ. ಕಷಾಯದ ಒಣಶುಂಠಿ, ಮೆಣಸು. ಯುರೋಪಿನ ಹಬ್ಬದ ವಾಸನೆ ಅಂತ ನಾವು ಅಂದುಕೊಂಡಿರೋದು ಹೆಚ್ಚುಕಡಿಮೆ ಈ ಡಬ್ಬಿಯದ್ದೇ ವಾಸನೆ.

ಲವಂಗ, ಜಾಯಿಕಾಯಿ ಇಂಡೋನೇಷ್ಯಾದ ಮಲುಕು ದ್ವೀಪಗಳಿಂದ ಬಂದವು, ಒಳ್ಳೆ ಚಕ್ಕೆ ಶ್ರೀಲಂಕಾದಿಂದ. ಮೆಣಸು ಮತ್ತು ಶುಂಠಿ ಹಡಗು ಹತ್ತಿದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದಿದ್ದೇ "ಕರಿಮೆಣಸಿನ ರಾಣಿ" ಅಂತ. ಶರಾವತಿ ಕಣಿವೆಯ ಮೆಣಸು ಆ ಕಾಲದ ಅಂತರರಾಷ್ಟ್ರೀಯ ವ್ಯಾಪಾರದ ಸರಕು.

ಹಾಗಾಗಿ ಚಳಿ ದೇಶದ ಸಾಹುಕಾರ ವರ್ಷಕ್ಕೊಂದು ಸಲ ಹಬ್ಬಕ್ಕೆ ಅಂತ ಏಲ್‌ಗೆ ಮಸಾಲೆ ಹಾಕ್ತಿದ್ದ ಅಂದ್ರೆ ಅದು ರುಚಿಗೆ ಮಾತ್ರ ಅಲ್ಲ, ತೋರಿಸಿಕೊಳ್ಳೋಕೂ ಹೌದು. ದುಬಾರಿ ವಸ್ತು, ದೂರದಿಂದ ಬಂದದ್ದು. ನಾವು ಮದುವೆ ಊಟದಲ್ಲಿ ಕೇಸರಿ ಕಾಣೋ ಹಾಗೆ ಉದುರಿಸ್ತೀವಲ್ಲ, ಅದೇ ಬುದ್ಧಿ.

ಈಗ ಬೆಂಗಳೂರಿನ ಬ್ರೂಪಬ್ ಒಂದರಲ್ಲಿ ಅದೇ ಮಸಾಲೆ ಹಾಕಿ "ಯುರೋಪಿಯನ್ ಶೈಲಿ" ಅಂತ ಬೋರ್ಡ್ ಬರೆದಾಗ ನನಗೆ ನಗು ಬರುತ್ತೆ. ನಮ್ಮ ಮೆಣಸು, ಶುಂಠಿ ವಿದೇಶ ಸುತ್ತಿ, ಕೋಟು ಹಾಕ್ಕೊಂಡು ವಾಪಸ್ ಬಂದಿವೆ.


ಪೋಸ್ಟ್ 4/9
ಫೋಟೋ: ಡಿಸೆಂಬರ್ ಬೆಳಗ್ಗೆ ಆರೂವರೆ, ಬ್ಯೂಗಲ್ ರಾಕ್. ಮಂಜು.

ಏಲ್ ನಮ್ಮೂರಿಗೆ ಬಂದಿದ್ದು ಸೈನ್ಯದ ಜೊತೆ. 1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಬ್ರಿಟಿಷ್ ಪಡೆ ಅಲ್ಲೇ ನೆಲೆಸಿತು. ಅಲ್ಲಿನ ಜ್ವರಕ್ಕೆ ಸೋತು 1809ರಲ್ಲಿ ಬೆಂಗಳೂರಿನ ಹಲಸೂರಿನ ಕಡೆಗೆ ಬಂತು. ಅದೇ ಕಂಟೋನ್ಮೆಂಟ್.

ಗೋರಾ ಸಿಪಾಯಿಗೆ ಬಿಯರ್ ದಿನಬಳಕೆಯ ವಸ್ತು. ಮೊದಲು ಅದು ಇಂಗ್ಲೆಂಡಿನಿಂದ ಪೀಪಾಯಿಗಳಲ್ಲಿ, ಆಫ್ರಿಕಾ ತುದಿ ಸುತ್ತಿಕೊಂಡು, ತಿಂಗಳುಗಟ್ಟಲೆ ಹಡಗಲ್ಲಿ ಬರ್ತಿತ್ತು. ಕೆಡಬಾರದು ಅಂತ ಹಾಪ್ಸ್ ಜಾಸ್ತಿ ಹಾಕಿದ ಪೇಲ್ ಏಲ್ ಕಳಿಸ್ತಿದ್ರು. ಇವತ್ತಿನ ಮೆನುವಲ್ಲಿರೋ "ಐಪಿಎ"ಯ ಮೊದಲ ಅಕ್ಷರ ಇಂಡಿಯಾದ್ದು, ಗೊತ್ತಾಯ್ತಲ್ಲ.

ಹಡಗಿನ ಬಾಡಿಗೆ, ಒಡೆದ ಪೀಪಾಯಿ, ಹುಳಿಯಾದ ಸರಕು. ಬಿಕಾಂ ಓದಿದವರು ಯಾರಾದ್ರೂ ಹೇಳ್ತಾರೆ: ಇಲ್ಲೇ ತಯಾರಿಸಿದರೆ ಲಾಭ. ಆದರೆ ಎಲ್ಲಿ? ಇಲ್ಲಿ ಎರಡನೇ ಪೋಸ್ಟಿನ ನಂಬರ್ ತೆಗೀರಿ. ಫ್ರಿಡ್ಜ್ ಇಲ್ಲದ ಕಾಲ. ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಬ್ರೂವರಿಗಳಿಗೆ ಕೂಲಿಂಗ್ ಯಂತ್ರ ಮಾಡಿಕೊಟ್ಟಿದ್ದು 1870ರ ದಶಕದಲ್ಲಿ. ಅದಿಲ್ಲದೆ ಮದ್ರಾಸಿನ ಸೆಕೆಯಲ್ಲಿ ಲಾಗರ್ ಇರಲಿ, ಏಲ್ ಮಾಡೋದೂ ಕಷ್ಟ. ಅದಕ್ಕೇ ಬ್ರೂವರಿಗಳು ಬೆಟ್ಟ ಹತ್ತಿದವು. ಉತ್ತರದಲ್ಲಿ ಕಸೌಲಿ, ಮರ್ರಿ, ದಕ್ಷಿಣದಲ್ಲಿ ನೀಲಗಿರಿ. ಜೊತೆಗೆ 900 ಮೀಟರ್ ಎತ್ತರದ ನಮ್ಮ ಬೆಂಗಳೂರು.

ಬೆಳಗಿನ ವಾಕಿಂಗ್‌ಗೆ ಸ್ವೆಟರ್ ಹಾಕಿಸೋ ನಮ್ಮ ಡಿಸೆಂಬರ್ ರಾತ್ರಿ 15–16 ಡಿಗ್ರಿಗೆ ಇಳಿಯುತ್ತೆ. ಅಜ್ಜಿಗೆ ಮಂಡಿನೋವು ಕೊಡೋ ಈ ಚಳಿಯೇ ಏಲ್ ಯೀಸ್ಟ್‌ಗೆ ಹೇಳಿ ಮಾಡಿಸಿದ ಹವೆ. 1885ರಲ್ಲಿ ಬ್ಯಾಂಗಲೋರ್ ಬ್ರೂಯಿಂಗ್ ಕಂಪನಿ ಶುರುವಾಯ್ತು. ಬ್ರೂವರಿ ಇದ್ದದ್ದು ಆಗಿನ ಗ್ರಾಂಟ್ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಆ ಬದಿಗೆ. ಎತ್ತಿನ ಗಾಡಿಯ ಮೇಲೆ ಪೀಪಾಯಿಗಳು ಸೈನಿಕರ ಬ್ಯಾರಕ್‌ಗಳಿಗೆ ಹೋಗ್ತಿದ್ದ ಕಾಲ ಅದು.


ಪೋಸ್ಟ್ 5/9
ಫೋಟೋ: ಚಾಮರಾಜಪೇಟೆಯ ನೆಟ್ಟಗಿನ ರಸ್ತೆ, ಮಧ್ಯಾಹ್ನ.

"ಪಾರ್ಕಿನ ಆ ಬದಿ" ಅಂದೆನಲ್ಲ, ಆ ಮಾತು ಮುಖ್ಯ.

ನಾವು ಈಗ ಒಂದೇ ಅನ್ನೋ ಬೆಂಗಳೂರು 140 ವರ್ಷ ಎರಡು ಊರಾಗಿತ್ತು. ಈ ಕಡೆ ಪೇಟೆ, ಮೈಸೂರು ಅರಸರದ್ದು. ಆ ಕಡೆ ಕಂಟೋನ್ಮೆಂಟ್, ಬ್ರಿಟಿಷರದ್ದು. 1870ರಲ್ಲಿ ಮಾಡಿದ ಕಬ್ಬನ್ ಪಾರ್ಕ್ ಮಧ್ಯದ ಹಸಿರು ಗೋಡೆಯಂತಿತ್ತು. ಎರಡು ಮುನಿಸಿಪಾಲಿಟಿ, ಎರಡು ಆಡಳಿತ. ಸೇರಿ ಒಂದು ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ಈ ಕಡೆ 1892ರಲ್ಲಿ ಚಾಮರಾಜಪೇಟೆ ಬಂತು. 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಲ್ಲಿ ಜನ ಸತ್ತರು, ಊರು ಬಿಟ್ಟರು. ಆ ಭಯದಲ್ಲಿ ಗಾಳಿ ಬೆಳಕು ಇರೋ ಹೊಸ ಬಡಾವಣೆಗಳಾಗಿ ಬೆಳೆದದ್ದು ಬಸವನಗುಡಿ, ಮಲ್ಲೇಶ್ವರ. ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ದೇವಸ್ಥಾನ, ಶಾಲೆ. ಬಂದು ನೆಲೆಸಿದವರಲ್ಲಿ ಮೇಷ್ಟ್ರು, ವಕೀಲರು, ಗುಮಾಸ್ತರು, ಮಡಿವಂತ ಮನೆಗಳವರು ಬಹಳ. ಹೀಗೆ ನಮ್ಮ ಕಡೆಗೆ ಕಾಫಿ, ಆ ಕಡೆಗೆ ಬಿಯರ್ ಅಂತ ಭಾಗ ಆಗಿಹೋಯ್ತು. ಕನಿಷ್ಠ ಮಾತಿನಲ್ಲಿ.

ಆದರೆ ಗೆರೆ ಅಷ್ಟು ನೇರ ಇರಲಿಲ್ಲ. ಈ ಕಡೆಯೂ ಕ್ರಿಸ್‌ಮಸ್ ಇತ್ತು. ಕೋಟೆಯೊಳಗೆ ಒಂದು ಹಳೇ ಪ್ರೊಟೆಸ್ಟೆಂಟ್ ಚರ್ಚ್ ಇತ್ತು. ಅಲ್ಲಿ ವಾಣಿವಿಲಾಸ ಆಸ್ಪತ್ರೆ ಎದ್ದಾಗ ಅದರ ಬದಲಿಗೆ ಚಾಮರಾಜಪೇಟೆಯಲ್ಲಿ ಸೇಂಟ್ ಲ್ಯೂಕ್ಸ್ ಚರ್ಚ್ ಬಂತು. ಇವತ್ತೂ ಡಿಸೆಂಬರ್‌ನಲ್ಲಿ ಆ ಬೀದಿಗಳಲ್ಲಿ ನಕ್ಷತ್ರದ ಲಾಟೀನು ತೂಗ್ತವೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮುಗಿದು ಸಿಪ್ಪೆ ಗುಡಿಸೋ ಹೊತ್ತಿಗೆ ಅಲ್ಲಿ ಕೇಕ್‌ಗೆ ದ್ರಾಕ್ಷಿ ನೆನೆಸಿರ್ತಾರೆ. ಮಧ್ಯ ನಡೆದರೆ ಅರ್ಧ ಗಂಟೆ ದಾರಿ.


ಪೋಸ್ಟ್ 6/9
ಫೋಟೋ: ಚಾಮರಾಜಪೇಟೆ, ಕನ್ನಡ ಸಾಹಿತ್ಯ ಪರಿಷತ್ತಿನ ಮುಂದೆ ನನ್ನ ಸ್ಕೂಟಿ.

ಒಂದು ವರ್ಷ ಹೇಳ್ತೀನಿ: 1915.

ಮಾರ್ಚ್ 15. ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದು ಮಾಡಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಐದರಲ್ಲಿ ಹಳೆಯದು 1857ರ ನೀಲಗಿರಿಯ ಕ್ಯಾಸಲ್ ಬ್ರೂವರಿ. ನಮ್ಮ ಗ್ರಾಂಟ್ ರಸ್ತೆಯದ್ದೂ ಒಂದು.

ಮೇ 5. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಆಮೇಲೆ ಚಾಮರಾಜಪೇಟೆಯಲ್ಲಿ ಅದರ ಸ್ವಂತ ಕಟ್ಟಡ ಬಂತು, ಫೋಟೋದಲ್ಲಿ ಇರೋದು.

ಮೇ 8. ಆಫ್ರಿಕಾದಿಂದ ಅದೇ ವರ್ಷ ವಾಪಸ್ ಬಂದಿದ್ದ ಗಾಂಧೀಜಿ ಮೊದಲ ಸಲ ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರ ಅನಾವರಣ ಮಾಡಿದರು.

ಎರಡು ತಿಂಗಳ ಒಳಗೆ ಈ ಮೂರೂ! ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು ಎರಡನೆಯದು ಮತ್ತು ಮೂರನೆಯದು. ಹೇಳಿಕೊಡಬೇಕಾದ್ದೇ. ಪಾನನಿಷೇಧದ ಬಗ್ಗೆ ಗಾಂಧೀಜಿ ಜೀವನಪೂರ್ತಿ ಮಾತಾಡಿದರು, ಸಂವಿಧಾನದ 47ನೇ ವಿಧಿಯಲ್ಲಿ ಆ ಆಶಯ ಇವತ್ತೂ ಇದೆ. ಆದರೆ ಮೊದಲನೆಯದನ್ನು ಬಿಟ್ಟರೆ ಬೆಂಗಳೂರಿನ ಲೆಕ್ಕ ಟ್ಯಾಲಿ ಆಗಲ್ಲ. ಆ ಕಂಪನಿಯೂ ಈ ಊರಿನ ಜನಕ್ಕೆ ಸಂಬಳ ಕೊಟ್ಟಿದೆ.

ಮುಂದಿನ ಕಥೆ ಕೇಳಿ. 1947ರಲ್ಲಿ ವಿಠ್ಠಲ್ ಮಲ್ಯ ಆ ಕಂಪನಿಯ ಮೊದಲ ಭಾರತೀಯ ಡೈರೆಕ್ಟರ್ ಆದರು. ಷೇರು ಕೊಂಡುಕೊಂಡು ಒಳಗೆ ಹೋದವರು. ಆಗ ಇನ್ನೂ ಚಿಕ್ಕ ವಯಸ್ಸು! ಮರುವರ್ಷ ಚೇರ್ಮನ್. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ಹೊತ್ತಲ್ಲಿ ಅವರ ಬಿಯರ್ ಕಂಪನಿ ನಮ್ಮವರ ಕೈಗೆ ಬಂತು. ಗ್ರಾಂಟ್ ರಸ್ತೆಗೆ ಈಗ ಅವರದೇ ಹೆಸರು, ಬ್ರೂವರಿ ಇದ್ದ ಜಾಗದಲ್ಲಿ ಯುಬಿ ಸಿಟಿ. ನಾವು ಒಂದು ಕಾಫಿ ತಗೊಂಡು ನೂರು ಸೆಲ್ಫಿ ತೆಗೆಯೋ ಜಾಗದಲ್ಲಿ ಒಂದು ಕಾಲಕ್ಕೆ ಮಾಲ್ಟ್ ಬೇಯ್ತಿತ್ತು. 2021ರಲ್ಲಿ ನೆದರ್‌ಲೆಂಡ್ಸ್‌ನ ಹೈನೆಕೆನ್ ತನ್ನ ಪಾಲನ್ನು 61.5% ಮಾಡ್ಕೊಂಡಿತು. ಒಂದು ಸುತ್ತು ಪೂರ್ತಿ ಆಯ್ತು, ಮಾಲೀಕತ್ವ ಮತ್ತೆ ಹಡಗು ಹತ್ತಿತು.


ಪೋಸ್ಟ್ 7/9
ಫೋಟೋ: ಹಳೇ ಟ್ರಂಕಿನೊಳಗಿನ ಕಂದು ಉಣ್ಣೆ ಕೋಟು. ಮೊಣಕೈ ಹತ್ತಿರ ತೇಪೆ.

ಈಗ ತಾತ.

ನನಗೆ ಎಂಟು ವರ್ಷ ಇದ್ದಾಗ ಹೋದರು. ನಮಗೆ ಹೇಳಿದ್ದು ಇಷ್ಟೇ: "ಪ್ರೈವೇಟ್ ಕಂಪನಿಯಲ್ಲಿ ಅಕೌಂಟ್ಸ್ ನೋಡ್ಕೊಳ್ತಿದ್ರು." ಅಪ್ಪನ ಕಾಲೇಜು ಅರ್ಜಿಯಲ್ಲಿ, ಅತ್ತೆಯ ಮದುವೆ ಮಾತುಕತೆಯಲ್ಲಿ, ಎಲ್ಲ ಕಡೆ ಅದೇ ಸಾಲು. ಯಾವ ಕಂಪನಿ ಅಂತ ಯಾರೂ ಕೇಳಲಿಲ್ಲ, ಕೇಳಿದ್ದರೆ ಮಾತು ಬೇರೆ ಕಡೆ ಹೋಗ್ತಿತ್ತು.

ಅವತ್ತು ತಾರಸಿಯಲ್ಲಿ ಅಜ್ಜಿ ಹೇಳಿದ್ರು. ತಾತ 1963ರಿಂದ 36 ವರ್ಷ ಕೆಲಸ ಮಾಡಿದ್ದು ಒಂದು ಬ್ರೂವರಿಯಲ್ಲಿ. ಯಾವುದು ಅಂತ ಬರೆಯಲ್ಲ, ಅಜ್ಜಿಗೆ ಮಾತು ಕೊಟ್ಟಿದ್ದೀನಿ. ಅಕೌಂಟ್ಸ್ ರೂಮಿನ ಪಕ್ಕವೇ ಮಾಲ್ಟ್ ಕುದಿಯೋ ಕಟ್ಟಡ. ಸಂಜೆ ಮನೆಗೆ ಬಂದರೆ ಕೋಟಿನಲ್ಲಿ ಆ ವಾಸನೆ. ಅವರ ಅತ್ತೆ, ಅಂದ್ರೆ ನನ್ನ ಮುತ್ತಜ್ಜಿ, ಕೋಟನ್ನು ಹೊರಗಿನ ಗೂಟಕ್ಕೇ ತಗುಲಿಹಾಕಿಸ್ತಿದ್ರಂತೆ. ತಾತ ಸ್ನಾನ ಮಾಡಿಯೇ ಒಳಗೆ ಬರಬೇಕು. ತಿಂಗಳ ಮೊದಲ ತಾರೀಖು ಮಾತ್ರ ಆ ಕೋಟಿನ ಒಳಜೇಬಿನ ಕವರ್ ನೇರ ದೇವರ ಮನೆಗೆ ಹೋಗ್ತಿತ್ತು. "ದುಡ್ಡಿಗೆ ಮೈಲಿಗೆ ಇರಲಿಲ್ಲ ನೋಡು" ಅಂತ ಅಜ್ಜಿ ನಕ್ಕರು. ನಗು ಬೇಗ ನಿಂತುಹೋಯ್ತು.

ತಾತ ಒಂದು ಹನಿಯೂ ಕುಡಿದವರಲ್ಲ. ಈ ಮನೆ, ಅಪ್ಪನ ಓದು, ಅತ್ತೆಯ ಮದುವೆ ಎಲ್ಲ ಆ ಸಂಬಳದಿಂದ. ಆದರೂ ಅವರ ಕೆಲಸದ ಹೆಸರು ನಮ್ಮ ಮನೆಯಲ್ಲಿ 60 ವರ್ಷ ಯಾರೂ ಹೇಳಲಿಲ್ಲ. ನನಗೆ ಚುಚ್ಚಿದ್ದು ಅದು. ನಾನೂ ಅಕೌಂಟ್ಸ್ ಓದ್ತಿರೋಳು. ಲೆಡ್ಜರ್ ಹೇಗೆ ಬರೀಬೇಕು ಅಂತ ಅವರನ್ನೇ ಕೇಳಬಹುದಿತ್ತು. ಎಂಟು ವರ್ಷದವಳಿಗೆ ಗೊತ್ತಾಗಲ್ಲ ಸರಿ, ಆಮೇಲಿನ ವರ್ಷಗಳಲ್ಲಾದರೂ ಅವರ ಬಗ್ಗೆ ಕೇಳಬಹುದಿತ್ತು.

ನಮ್ಮ ಸಿಲಬಸ್ ಇಲ್ಲೇ ಇದೆ ನೋಡಿ. ಕುಡಿಯೋ ಮದ್ಯ ಜಿಎಸ್‌ಟಿಯಿಂದ ಹೊರಗೆ ಅಂತ ಎರಡು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ್ವಲ್ಲ? ಯಾಕೆ ಹೊರಗೆ? ಅಬಕಾರಿ ಸುಂಕ ರಾಜ್ಯದ ದೊಡ್ಡ ಆದಾಯಗಳಲ್ಲಿ ಒಂದು, ಯಾವ ಸರ್ಕಾರವೂ ಅದನ್ನು ಬಿಟ್ಟುಕೊಡಲ್ಲ. ಕರ್ನಾಟಕದಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈ ಬಜೆಟ್‌ನಲ್ಲಿ 175%ರಿಂದ 185% ಆಯ್ತು. ಆಗ ಸುಂಕ ಲೆಕ್ಕ ಹಾಕೋ ಬೆಲೆ 100 ರೂಪಾಯಿ ಆಗಿದ್ದರೆ ಸುಂಕವೇ 185 ಆಗ್ತಿತ್ತು. ನಾವು ಓದಿದ ಶಾಲೆ, ಓಡಾಡೋ ರಸ್ತೆ, ಎಲ್ಲದರಲ್ಲೂ ಆ ದುಡ್ಡು ಇದೆ. ನಮ್ಮನೆಯ ಕೋಟಿನ ಕಥೆಯೂ ಇದೇ, ರಾಜ್ಯದ ಕಥೆಯೂ ಇದೇ. ದುಡ್ಡು ಒಳಗೆ, ಹೆಸರು ಹೊರಗೆ.


ಪೋಸ್ಟ್ 8/9
ಫೋಟೋ: ಯಾವ ಫೋಟೋನೂ ಇಲ್ಲ. ಕಪ್ಪು ಚೌಕ. ಇದು ಸ್ವಲ್ಪ ಗಂಭೀರ.

"ನಮ್ಮ ಕಡೆ ಕುಡಿತ ಇರಲಿಲ್ಲ" ಅನ್ನೋದು ಪೂರ್ತಿ ಸುಳ್ಳು. ಈ ಕಡೆ ಈಚಲ ಮರದ ಹೆಂಡ ಇತ್ತು, ಸಾರಾಯಿ ಇತ್ತು. ಜಿ.ಪಿ. ರಾಜರತ್ನಂ ಅವರ ಎಂಡ್ಕುಡ್ಕ ರತ್ನ ಹುಟ್ಟಿದ್ದೇ ಆ ಲೋಕದಿಂದ. ಹೆಂಡ ಮುಟ್ಟದ ಮೇಷ್ಟ್ರು ಅಂತ ಹೆಸರಾದವರು ಕುಡುಕನ ಬಾಯಲ್ಲಿ ಕನ್ನಡದ ಮೇಲಿನ ಪ್ರೀತಿಯನ್ನು ಹಾಡಿಸಿದರು. ಕುಡಿಯದೆ ಕುಡಿತದ ಬಗ್ಗೆ ಬರೀಬಹುದಾ ಅಂತ ನನ್ನ ಕೇಳಿದವರಿಗೆ ಅದೇ ಉತ್ತರ.

ಆದರೆ ಹೆಂಡದ ರತ್ನನಿಗೆ ಸಿಕ್ಕ ಹೆಸರು "ಕುಡುಕ". ಕ್ಲಬ್ಬಿನಲ್ಲಿ ಬಿಯರ್ ಹಿಡಿದವನಿಗೆ ಸಿಕ್ಕ ಹೆಸರು "ಸಾಹೇಬ". 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯ್ತು. ಹಾಳಾದ ಮನೆಗಳ ಹೆಂಗಸರು ವರ್ಷಗಟ್ಟಲೆ ಅದಕ್ಕಾಗಿ ಕೂಗಿದ್ದರು, ಅವರ ನೋವು ನಿಜ. ಅದಾಗಿ ನಾಲ್ಕು ವರ್ಷದೊಳಗೆ ಬೆಂಗಳೂರಲ್ಲಿ ಮೊದಲ ಬ್ರೂಪಬ್‌ಗಳು ಬಾಗಿಲು ತೆರೆದವು. 2011ರಲ್ಲಿ ತೆರೆದ ಒಂದು ಅದೇ ಹಳೇ ಬ್ರೂವರಿಯ ರಸ್ತೆ, ವಿಠ್ಠಲ್ ಮಲ್ಯ ರಸ್ತೆಯಲ್ಲೇ. ಅಲ್ಲಿಂದ ಈಚೆಗೆ ಡಿಸೆಂಬರ್ ಅಂದ್ರೆ ಮಸಾಲೆ ಏಲ್, ಫೇರಿ ಲೈಟು, ರೀಲ್ಸು.

ಬಡವನ ಕುಡಿತ ಸಮಸ್ಯೆ, ನಮ್ಮದು ಮಾತ್ರ "ಟೇಸ್ಟಿಂಗ್". ಈ ಮಾತು ನಿಮಗೆ ಕಿರಿಕಿರಿ ಅನ್ನಿಸಿದರೆ ನನಗೂ ಅನ್ನಿಸಿದೆ. ಏಲ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ದೊಡ್ಡಮ್ಮನ ಮಗ ಒಂದು ಬಾಟಲಿಯನ್ನು ಒಂದೂವರೆ ಗಂಟೆ ಕುಡಿದ, ಪ್ರತಿ ಗುಟುಕಿಗೂ ಏನು ರುಚಿ ಅಂತ ನನಗೆ ಹೇಳಿದ: ಮೊದಲು ಕಿತ್ತಳೆ, ಮಧ್ಯದಲ್ಲಿ ಬೆಲ್ಲ, ಕೊನೆಗೆ ನಾಲಗೆ ಹಿಂಬದಿ ಲವಂಗದ ಚುರುಕು, ಹೊಟ್ಟೆಗೆ ಹೋದ ಮೇಲೆ ಬೆಚ್ಚಗೆ. ಅದು ಕುಡಿಯೋ ರೀತಿ. ಎಡಿಟ್ ಮಾಡಿದ ಐಡಿ ಹಿಡ್ಕೊಂಡು ಬೌನ್ಸರ್ ಮುಂದೆ ಬೆವರೋದು ಇನ್ನೊಂದು ರೀತಿ. ಸಿಕ್ಕಿಬಿದ್ದರೆ ಅದು ಫೋರ್ಜರಿ, ಮಗಾ. ಬಿಸಿನೆಸ್ ಲಾ ಪಾಸ್ ಮಾಡಿದ್ದೀವಿ ಎಲ್ಲರೂ.


ಪೋಸ್ಟ್ 9/9
ಫೋಟೋ: ಸ್ಟೀಲ್ ಲೋಟದಲ್ಲಿ ಕೆಂಪು ಕಂದು ಪಾನಕ. ಪಕ್ಕದಲ್ಲಿ ರೋಸ್ ಕುಕ್ಕಿ.

ಅಜ್ಜಿಯ ಕಥೆ ಮುಗಿದಿರಲಿಲ್ಲ.

ಪ್ರತಿ ಡಿಸೆಂಬರ್‌ಗೆ ತಾತನ ಆಫೀಸಿನಲ್ಲಿ ಎಲ್ಲರಿಗೂ ಹಬ್ಬದ ಬಾಟಲಿಗಳನ್ನು ಕೊಡ್ತಿದ್ರಂತೆ. ತಾತ ಅದನ್ನು ಮನೆಗೆ ತರದೆ, ಚಾಮರಾಜಪೇಟೆಯಲ್ಲಿದ್ದ ಕ್ರಿಶ್ಚಿಯನ್ ಸಹೋದ್ಯೋಗಿಯ ಮನೆಗೆ ಕೊಟ್ಟು ಬರ್ತಿದ್ರು. ಅಲ್ಲಿಂದ ವಾಪಸ್ ಬರ್ತಿದ್ದದ್ದು ಮೊಟ್ಟೆ ಹಾಕದೆ ಬೇರೆಯಾಗಿ ಮಾಡಿದ ಕುಲ್‌ಕುಲ್, ರೋಸ್ ಕುಕ್ಕಿ ಮತ್ತು ಒಂದು ಬಾಟಲಿ ಜಿಂಜರ್ ವೈನ್.

ಹೆಸರು ವೈನ್, ಒಳಗೆ ಮದ್ಯ ಇಲ್ಲ. 19ನೇ ಶತಮಾನದ ಬ್ರಿಟನ್‌ನಲ್ಲಿ ಕುಡಿತ ಬಿಡಿಸೋ ಚಳವಳಿ ಜೋರಾಗಿತ್ತು, ಮೆಥಡಿಸ್ಟರು ಅದರಲ್ಲಿ ಮುಂದೆ. ಹಬ್ಬಕ್ಕೆ ಏನಾದ್ರೂ ಬೇಕಲ್ಲ, ಅಂತ ಶುಂಠಿಯ ಖಾರದ ಪಾನೀಯಗಳು ಮನೆಮನೆಗೆ ಬಂದವು. ನಮ್ಮ ಆಂಗ್ಲೋ ಇಂಡಿಯನ್, ಕ್ರಿಶ್ಚಿಯನ್ ಮನೆಗಳಲ್ಲಿ ಇವತ್ತೂ ಇದೆ. ಗಂಟಲು ಉರಿಯುತ್ತೆ, ಎದೆ ಬೆಚ್ಚಗಾಗುತ್ತೆ, ತಲೆ ನೆಟ್ಟಗಿರುತ್ತೆ.

"ಮುತ್ತಜ್ಜಿ ಒಪ್ಪಿದ್ರಾ?" ಅಂದೆ. ಅಜ್ಜಿ ಕಣ್ಣು ಮಿಟುಕಿಸಿದ್ರು. "ಶುಂಠಿ ಪಾನಕ ಅಂತ ಹೇಳ್ತಿದ್ದೆ. ಅವರೇ ಎರಡು ಲೋಟ ಕುಡೀತಿದ್ರು." ಹೀಗೆ ಬಸವನಗುಡಿಯ ಒಂದು ಮಡಿ ಮನೆಯಲ್ಲಿ 30 ವರ್ಷ ಕ್ರಿಸ್‌ಮಸ್ ಪಾನೀಯ ಹರಿದಿದೆ, ಬೇರೆ ಹೆಸರಲ್ಲಿ.

ಭಾನುವಾರ ಅಜ್ಜಿಯನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಚಾಮರಾಜಪೇಟೆಗೆ ಹೋದೆ. ತಾತನ ಸ್ನೇಹಿತರು ಈಗಿಲ್ಲ, ಅವರ ಹೆಂಡತಿ ಇದ್ದಾರೆ. ಇಬ್ಬರೂ 20 ವರ್ಷದ ಮೇಲೆ ಭೇಟಿ. ಬಾಗಿಲಲ್ಲೇ "ಕೋಟಿನವರ ಮನೆಯವರಲ್ವಾ!" ಅಂದ್ರು. ಆ ಮನೆಯಲ್ಲಿ ತಾತನ ಕೆಲಸಕ್ಕೆ ಹೆಸರಿತ್ತು, ಮರ್ಯಾದೆ ಇತ್ತು. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿದರೆ ರಾತ್ರಿ ಎಂಟರವರೆಗೂ ಕೂತು ಹುಡುಕ್ತಿದ್ರು ಅಂತ ಅವರು ಹೇಳಿದ್ರು. ನನ್ನ ತಾತನ ಬಗ್ಗೆ ಆ ಮಾತನ್ನು ನಾನು ಮೊದಲು ಕೇಳಿದ್ದು ಅಲ್ಲಿ.

ಅವರು ಹೇಳಿದ ಅಳತೆ, ಸೇವ್ ಮಾಡ್ಕೊಳ್ಳಿ: ಹಸಿಶುಂಠಿ 100 ಗ್ರಾಂ ಜಜ್ಜಿ, ಎರಡು ಲೀಟರ್ ನೀರು, ಮುಕ್ಕಾಲು ಕೆಜಿ ಸಕ್ಕರೆ, ಆರು ಲವಂಗ, ಎರಡು ತುಂಡು ಚಕ್ಕೆ, ಎರಡು ಒಣಮೆಣಸಿನಕಾಯಿ ಹಾಕಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ಬೇರೆ ಪಾತ್ರೆಯಲ್ಲಿ ನಾಲ್ಕು ಚಮಚ ಸಕ್ಕರೆಯನ್ನು ಕಂದು ಬಣ್ಣಕ್ಕೆ ಸೀಯಿಸಿ, ಹುಷಾರಾಗಿ ಸ್ವಲ್ಪ ಬಿಸಿನೀರು ಹಾಕಿ ಕರಗಿಸಿ ಬಣ್ಣಕ್ಕೆ ಸೇರಿಸಿ. ಸೋಸಿ, ಆರಿದ ಮೇಲೆ ಮೂರು ನಿಂಬೆಹಣ್ಣಿನ ರಸ. ಕುಡಿಯುವಾಗ ನೀರು ಬೆರೆಸ್ಕೊಳ್ಳಿ.

ನಮ್ಮ ಕ್ಲಾಸ್ ಗ್ರೂಪಿನವರೇ, 24ನೇ ತಾರೀಖು ಸಂಜೆ ಆರಕ್ಕೆ ನಮ್ಮನೆ ತಾರಸಿಗೆ ಬನ್ನಿ. ಐಡಿ ಬೇಡ. ಕುಡಿಯೋಕೆ ಇದು ಇರುತ್ತೆ, ತಿನ್ನೋಕೆ ಪರಿಷೆಯಿಂದ ತಂದ ಕಡಲೆಕಾಯಿ. ಚಾಮರಾಜಪೇಟೆಯ ಅಜ್ಜಿನೂ ಬರ್ತಾರೆ. 21 ಆದ ಮೇಲೆ ಏಲ್ ವಿಷಯ ನೋಡ್ಕೊಳ್ಳೋಣ, ಅದೆಲ್ಲೂ ಓಡಿಹೋಗಲ್ಲ. ಪ್ರತಿ ಡಿಸೆಂಬರ್‌ಗೂ ಬರುತ್ತೆ.

ನಿಮ್ಮನೆಯಲ್ಲೂ "ಪ್ರೈವೇಟ್ ಕಂಪನಿ" ಅಂತ ಹೇಳಿ ಮುಗಿಸಿಬಿಟ್ಟ ಯಾರದ್ದಾದರೂ ಕೆಲಸ ಇದೆಯಾ? ಅಜ್ಜಿ ತಾತ ಇದ್ದರೆ ಇವತ್ತೇ ಕೇಳಿ. ಕಾಮೆಂಟಲ್ಲಿ ಬರೀರಿ, ಒಂದೊಂದನ್ನೂ ಓದ್ತೀನಿ.

ತಾತನ ಕೋಟು ಈಗ ಟ್ರಂಕಿನಲ್ಲಿಲ್ಲ. ಒಳಗಿನ ಕೋಣೆಯ ಗೂಟದಲ್ಲಿದೆ. ಅಜ್ಜಿಯೇ ತಗುಲಿಹಾಕಿದ್ದು.

#ತಾತನಕೋಟು #ಎರಡುಬೆಂಗಳೂರು #ಕ್ರಿಸ್‌ಮಸ್ಏಲ್ #ಶುಂಠಿಪಾನಕ #ಬಸವನಗುಡಿ #ಚಾಮರಾಜಪೇಟೆ #ಬಿಕಾಂಹುಡುಗಿಯಇತಿಹಾಸ